ಮಲಾವಿಯ ಕೊಲೆ ಕೇಸುಗಳು: ಊರಿನವರನ್ನ ಕೇಳೋಕೆ ಯಾಕಿಷ್ಟು ವರ್ಷ ಬೇಕಾಯ್ತು?

2015ರ ಫೆಬ್ರವರಿಯಲ್ಲಿ ಆಫ್ರಿಕಾದ ಮಲಾವಿ ದೇಶದ ಹೈಕೋರ್ಟಲ್ಲಿ ಒಂದು ಹೊಸ ಥರದ ವಿಚಾರಣೆ ಶುರುವಾಯ್ತು. ಕಟಕಟೆಗೆ ಬಂದವರೆಲ್ಲ ಕೊಲೆ ಕೇಸಲ್ಲಿ ಮರಣದಂಡನೆ ಆಗಿ ಹತ್ತು ವರ್ಷ, ಹದಿನೈದು ವರ್ಷ, ಕೆಲವರು ಇಪ್ಪತ್ತು ವರ್ಷಕ್ಕೂ ಮೇಲೆ ಜೈಲಲ್ಲಿ ಕೂತವರು. ಇವರೇ ಕೊಂದ್ರಾ ಇಲ್ವಾ ಅನ್ನೋದನ್ನ ಯಾರೂ ಮತ್ತೆ ಕೆದಕಲಿಲ್ಲ, ಅದು ಹಿಂದೆನೇ ತೀರ್ಮಾನ ಆಗಿತ್ತು. ಜಡ್ಜ್ ಮುಂದೆ ಬಂದಿದ್ದು ಬೇರೆ ಥರದ ಕಾಗದಗಳು, ಇವನು ಹುಟ್ಟಿದ ಊರಿನ ಮುಖ್ಯಸ್ಥ ಹೆಬ್ಬೆಟ್ಟು ಒತ್ತಿ ಕೊಟ್ಟ ಹೇಳಿಕೆ, ಅಕ್ಕಪಕ್ಕದ ಮನೆಯವರು ಹೇಳಿದ್ದು, ಇವನ ತಲೆ ಸರಿ ಇತ್ತಾ, ಚಿಕ್ಕಂದಿನಲ್ಲಿ ಏನಾಗಿತ್ತು, ಆವತ್ತು ಜಗಳ ಯಾಕೆ ಶುರುವಾಯ್ತು, ಈಗ ಬಿಟ್ರೆ ಊರು ಇವನನ್ನ ಸೇರಿಸ್ಕೊಳ್ಳುತ್ತಾ ಅನ್ನೋದು.

ಇದನ್ನ ಮೊದಲನೇ ವಿಚಾರಣೆಯಲ್ಲೇ ಯಾಕೆ ಕೇಳಿರಲಿಲ್ಲ ಅಂದ್ರೆ ಉತ್ತರ ತುಂಬಾ ಸರಳ, ಕಾನೂನಿಗೆ ಬೇಕಾಗಿರಲಿಲ್ಲ. ಕೊಲೆ ಸಾಬೀತಾದ್ರೆ ಗಲ್ಲು, ಅಷ್ಟೇ, ಜಡ್ಜ್ ಮನಸ್ಸಲ್ಲಿ ಏನಿದ್ರೂ ಬೇರೆ ಶಿಕ್ಷೆ ಕೊಡೋ ಹಾಗೇ ಇರಲಿಲ್ಲ.

ಮಲಾವಿ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರಲ್ಲ, ಆದ್ರೆ ಬೇಳೆ ವ್ಯಾಪಾರದಲ್ಲಿ ಇರೋರಿಗೆ ಚೆನ್ನಾಗಿ ಗೊತ್ತು, ಭಾರತ ಅಲ್ಲಿಂದ ವರ್ಷಕ್ಕೆ 50 ಸಾವಿರ ಟನ್ ತೊಗರಿ ತರಿಸ್ಕೊಳ್ಳೋಕೆ 2021ರಲ್ಲಿ ಒಪ್ಪಂದ ಮಾಡ್ಕೊಂಡಿತ್ತು. ಆಗ್ನೇಯ ಆಫ್ರಿಕಾದಲ್ಲಿ ದೊಡ್ಡ ಸರೋವರದ ಪಕ್ಕದಲ್ಲಿ ಉದ್ದಕ್ಕೆ ಮಲಗಿರೋ ದೇಶ, ಸಮುದ್ರ ಇಲ್ಲ, 2018ರ ಜನಗಣತಿ ಪ್ರಕಾರ ಒಂದು ಮುಕ್ಕಾಲು ಕೋಟಿ ಜನ, ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಹಳ್ಳಿಯವರು. ಮೆಕ್ಕೆಜೋಳ, ಹೊಗೆಸೊಪ್ಪು, ತೊಗರಿ, ಕಡಲೆಕಾಯಿ ಬೆಳೀತಾರೆ, ಮಳೆ ಕೈಕೊಟ್ರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಹಸಿವಿನ ತಿಂಗಳುಗಳು. ಪ್ರತಿ ಊರಿಗೂ ಒಬ್ಬ ಮುಖ್ಯಸ್ಥ ಇರ್ತಾನೆ, ಹೆಣ್ಣುಮಕ್ಕಳೂ ಆ ಸ್ಥಾನದಲ್ಲಿ ಇದ್ದಾರೆ, ಅವರ ಮೇಲೆ ಹಲವು ಊರುಗಳ ಮುಖ್ಯಸ್ಥರು, ಅವರ ಮೇಲೆ ಟ್ರೆಡಿಷನಲ್ ಅಥಾರಿಟಿ ಅಂತ ಕರೆಯೋ ದೊಡ್ಡ ಮುಖ್ಯಸ್ಥರು. ಜಮೀನಿನ ಜಗಳ, ಗಂಡ ಹೆಂಡತಿ ಜಗಳ, ಕಳ್ಳತನ ಎಲ್ಲಾ ಮೊದಲು ಇವರ ಬ್ವಾಲೋಗೆ, ಅಂದ್ರೆ ಪಂಚಾಯ್ತಿ ಕಟ್ಟೆಗೇ ಬರುತ್ತೆ. ಆದ್ರೆ ಕೊಲೆ ಹಾಗಲ್ಲ, ಅದು ನೇರ ಹೈಕೋರ್ಟಿನ ವಿಷಯ.

ಇಲ್ಲಿಂದಾನೇ ತೊಂದರೆ ಶುರು. ಹಳ್ಳಿಯಲ್ಲಿ ಒಂದು ಕೊಲೆ ಆಯ್ತು ಅಂತ ಇಟ್ಕೊಳ್ಳಿ, ಸಂಜೆ ಕುಡಿದ ಮೇಲೆ ಮಾತಿಗೆ ಮಾತು ಬೆಳೆದು ಯಾರೋ ಕೋಲು ತಗೊಂಡು ಹೊಡೆದ, ಹೊಡೆಸಿಕೊಂಡವನು ಎರಡು ದಿನ ಬಿಟ್ಟು ಸತ್ತ. ಪೋಸ್ಟ್‌ಮಾರ್ಟಂ ಮಾಡೋ ತಜ್ಞರು ಇಡೀ ದೇಶದಲ್ಲಿ ಬೆರಳೆಣಿಕೆ, ಹಾಗಾಗಿ ಏಟಿನಿಂದಾನೇ ಸತ್ತನಾ ಅನ್ನೋದನ್ನ ಸರಿಯಾಗಿ ನೋಡೋರು ಇಲ್ಲ. ಪೊಲೀಸರು ಬಂದು ಹಿಡಿದು ಹೇಳಿಕೆ ಬರೆಸ್ಕೊಳ್ತಾರೆ, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನಮ್ಮಲ್ಲಿ ಸಾಕ್ಷಿಯಾಗಿ ನಿಲ್ಲಲ್ಲ, ಅಲ್ಲಿ ಕೋರ್ಟು ಅದನ್ನ ಸಾಕ್ಷಿಯಾಗೇ ತಗೊಳ್ಳುತ್ತೆ, ಹೊಡೆದು ಬರೆಸಿದ್ದು ಅಂತ ಆಮೇಲೆ ಹೇಳಿದ್ರೂ ಎಷ್ಟು ತೂಕ ಕೊಡಬೇಕು ಅನ್ನೋದಷ್ಟೇ ಚರ್ಚೆ. ಆಮೇಲೆ ಜೈಲು. ಕೊಲೆ ಆರೋಪಿಗೆ ಸರ್ಕಾರಿ ಲಾಯರ್ ಸಿಗಬೇಕು, ಆ ಲಾಯರ್‌ಗಳ ಸಂಖ್ಯೆನೂ ತೀರಾ ಕಮ್ಮಿ, ಹೈಕೋರ್ಟು ಕೊಲೆ ಕೇಸುಗಳನ್ನ ನಡೆಸೋಕೆ ಜಿಲ್ಲೆಗೆ ಬರಬೇಕು ಅಂದ್ರೆ ಅದಕ್ಕೆ ದುಡ್ಡು ಬೇಕು, ದುಡ್ಡು ಬಂದಾಗ ಬರುತ್ತೆ. ವಿಚಾರಣೆ ಇಲ್ಲದೇ ವರ್ಷಗಟ್ಟಲೆ ಕೂತವರು ಬೇಕಾದಷ್ಟು ಜನ. ಕೊನೆಗೆ ವಿಚಾರಣೆ ದಿನ ಬಂದಾಗ ಎಷ್ಟೋ ಜನ ತಮ್ಮ ಲಾಯರ್ ಮುಖ ನೋಡಿದ್ದೇ ಅವತ್ತು ಬೆಳಿಗ್ಗೆ. ಕೋರ್ಟಿನ ಭಾಷೆ ಇಂಗ್ಲಿಷ್, ಆರೋಪಿಯದ್ದು ಚಿಚೆವ, ಯಾವೊ, ಲೊಮ್ವೆ, ಟುಂಬುಕ ಇಂಥವು, ಮಧ್ಯೆ ಒಬ್ಬ ದುಭಾಷಿ.

ಇದರ ಜೊತೆ ಇನ್ನೊಂದು ವಿಷಯ ಸೇರಿಸ್ಕೊಂಡು ಯೋಚನೆ ಮಾಡಿ. ಮಲಾವಿಯ ಮಧ್ಯ ಮತ್ತು ದಕ್ಷಿಣ ಭಾಗದಲ್ಲಿ ಮನೆತನ ತಾಯಿ ಕಡೆಯಿಂದ ಬರುತ್ತೆ, ನಮ್ಮ ತುಳುನಾಡಿನ ಅಳಿಯಕಟ್ಟಿನಲ್ಲಿ ಇದ್ದ ಹಾಗೆ, ಸೋದರಮಾವನೇ ಕುಟುಂಬದ ಯಜಮಾನ. ಎಷ್ಟೋ ಕಡೆ ಮದುವೆ ಆದ ಗಂಡಸು ಹೆಂಡತಿ ಊರಿಗೆ ಹೋಗಿ ಅಲ್ಲೇ ಹೊಲ ಮಾಡ್ಕೊಂಡು ಇರ್ತಾನೆ. ಅಂಥವನು ಅಲ್ಲಿ ಕೊಲೆ ಕೇಸಲ್ಲಿ ಸಿಕ್ಕಾಕ್ಕೊಂಡ್ರೆ ಸಾಕ್ಷಿ ಹೇಳೋಕೆ ಬರೋ ಜನ ಎಲ್ಲಾ ಅವಳ ಕಡೆಯವರು, ಇವನನ್ನ ಹುಟ್ಟಿದಾಗಿಂದ ಬಲ್ಲವರು ಎಲ್ಲೋ ಬೇರೆ ಜಿಲ್ಲೆಯಲ್ಲಿ, ಅವರಿಗೆ ಬಸ್‌ಚಾರ್ಜ್ ಕೊಟ್ಟು ಕರೆಸೋರು ಯಾರು? ಯಾರೂ ಕರೆಸ್ತಿರಲಿಲ್ಲ. ಸಾಯೋ ಶಿಕ್ಷೆ ಕೊಡೋ ಕೋರ್ಟಿಗೆ ಆ ಮನುಷ್ಯನ ಬಗ್ಗೆ ಗೊತ್ತಿರ್ತಿದ್ದದ್ದು ಅವನ ಬದುಕಿನ ಒಂದೇ ಒಂದು ಸಂಜೆಯ ಕಥೆ, ಅದೂ ಬೇರೆಯವರು ಹೇಳಿದ್ದು.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕಂದ್ರೆ "ಹಳ್ಳಿ ಜನಕ್ಕೆ ಗಲ್ಲು ಶಿಕ್ಷೆನೇ ಬೇಕು, ಅದು ನಮ್ಮ ಸಂಪ್ರದಾಯ" ಅನ್ನೋ ಮಾತು ಅಲ್ಲಿ ತುಂಬಾ ದಿನದಿಂದ ಓಡಾಡ್ತಾ ಇದೆ, ಆ ಮಾತಿಗೆ ಒಂದು ಚರಿತ್ರೆ ಇದೆ. 1964ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ ಬಂದ ಮೇಲೆ ದೇಶ ಹೇಸ್ಟಿಂಗ್ಸ್ ಕಮುಜು ಬಾಂಡಾ ಅವರ ಕೈಗೆ ಬಂತು, ಮೂವತ್ತು ವರ್ಷ ಅವರೇ ಆಳಿದ್ರು. 1960ರ ದಶಕದ ಕೊನೆಯಲ್ಲಿ ಬ್ಲಾಂಟೈರ್ ನಗರದ ಅಂಚಿನ ಚಿಲೊಬ್ವೆ ಅನ್ನೋ ಬಡಾವಣೆಯಲ್ಲಿ ಒಂದರ ಹಿಂದೆ ಒಂದು ಕೊಲೆಗಳಾದ್ವು, ರಾತ್ರಿ ಮನೆಗೆ ನುಗ್ಗಿ ಕೊಲ್ತಿದ್ರು, ಜನ ಹೆದರಿಹೋಗಿದ್ರು. ಸರ್ಕಾರವೇ ರಕ್ತ ತೆಗೆದು ದಕ್ಷಿಣ ಆಫ್ರಿಕಾಗೆ ಕಳಿಸ್ತಿದೆ ಅಂತ ಕೂಡ ಸುದ್ದಿ ಹಬ್ಬಿತ್ತು. ಕೆಲವರನ್ನ ಹಿಡಿದು ಹೈಕೋರ್ಟಿಗೆ ತಂದ್ರು, 1969ರಲ್ಲಿ ಸಾಕ್ಷಿ ಸಾಲದು ಅಂತ ಐದು ಜನರನ್ನ ಜಡ್ಜ್ ಬಿಟ್ಟುಬಿಟ್ರು. ಪಾರ್ಲಿಮೆಂಟಲ್ಲಿ ಗದ್ದಲ ಆಯ್ತು, ಈ ಬಿಳಿಯರ ಕಾನೂನು ನಮಗೆ ಆಗಿಬರಲ್ಲ, ಅಪರಾಧಿ ಯಾರು ಅಂತ ನಮ್ಮ ಹಿರಿಯರಿಗೆ ಗೊತ್ತು, ಸಾಕ್ಷಿ ಗೀಕ್ಷಿ ಅಂತ ಸೂಕ್ಷ್ಮ ನೋಡ್ತಾ ಕೂತ್ರೆ ಕೊಲೆಗಾರರು ಓಡಾಡ್ಕೊಂಡು ಇರ್ತಾರೆ ಅನ್ನೋ ಧಾಟಿ. ಕೂಡಲೇ ಕಾನೂನು ಬದಲಾಯಿಸಿ ಕೊಲೆ ಕೇಸು ನಡೆಸೋ ಅಧಿಕಾರನ, ಮರಣದಂಡನೆ ಕೊಡೋ ಅಧಿಕಾರನ ಸಾಂಪ್ರದಾಯಿಕ ಕೋರ್ಟುಗಳಿಗೆ ಕೊಟ್ರು, ಇದನ್ನ ಒಪ್ಪದೇ ಹೈಕೋರ್ಟಿನ ಜಡ್ಜ್‌ಗಳು ರಾಜೀನಾಮೆ ಕೊಟ್ಟು ಹೊರಟುಹೋದ್ರು.

ಹೆಸರೇನೋ ಸಾಂಪ್ರದಾಯಿಕ. ಪೀಠದಲ್ಲಿ ಮೂರು ಜನ ಮುಖ್ಯಸ್ಥರೂ ಕೂತಿರ್ತಿದ್ರು. ಆದ್ರೆ ಅವರನ್ನ ಆರಿಸ್ತಿದ್ದದ್ದು ಬಾಂಡಾ ಸರ್ಕಾರ, ಬೇಡ ಅನ್ನಿಸಿದ್ರೆ ತೆಗೆದು ಹಾಕ್ತಿದ್ದದ್ದೂ ಅದೇ ಸರ್ಕಾರ, ಆರೋಪಿಗೆ ಲಾಯರ್ ಇಟ್ಕೊಳ್ಳೋ ಹಕ್ಕು ಇರಲಿಲ್ಲ, ಅಪೀಲು ಹೋದ್ರೂ ಹೈಕೋರ್ಟಿಗೆ ಹೋಗ್ತಿರಲಿಲ್ಲ, ಇದೇ ಸಾಲಿನ ಮೇಲಿನ ಕೋರ್ಟಿಗೆ ಹೋಗ್ತಿತ್ತು. ಕೊಲೆಗಾರರನ್ನ ಹಿಡಿಯೋಕೆ ಅಂತ ತಂದ ಈ ಕೋರ್ಟುಗಳು ಕೆಲವೇ ವರ್ಷದಲ್ಲಿ ರಾಜಕೀಯ ವಿರೋಧಿಗಳನ್ನ ಮುಗಿಸೋ ಕೆಲಸಕ್ಕೆ ಬಂದ್ವು. ಬಾಂಡಾ ಅವರದೇ ಪಕ್ಷದ ಪ್ರಧಾನ ಕಾರ್ಯದರ್ಶಿ ಆಗಿದ್ದ ಆಲ್ಬರ್ಟ್ ಮುವಾಲೊ ಅವರಿಗೆ ಇಂಥ ಕೋರ್ಟಲ್ಲೇ ಶಿಕ್ಷೆ ಆಗಿ 1977ರಲ್ಲಿ ಗಲ್ಲಿಗೇರಿಸಿದ್ರು. ದೇಶದ ಮೊದಲ ಆಫ್ರಿಕನ್ ಬ್ಯಾರಿಸ್ಟರ್ ಓರ್ಟನ್ ಚಿರ್ವಾ ಮತ್ತು ಅವರ ಹೆಂಡತಿ ವೇರಾ, ಅವರೂ ಲಾಯರ್ರೇ, ಇಬ್ಬರಿಗೂ 1983ರಲ್ಲಿ ಇಂಥದೇ ಕೋರ್ಟು ಮರಣದಂಡನೆ ಕೊಡ್ತು. ಜಗತ್ತಿನ ಒತ್ತಡಕ್ಕೆ ಅದು ಜೀವಾವಧಿ ಆಯ್ತು, ಓರ್ಟನ್ 1992ರಲ್ಲಿ ಜೊಂಬಾ ಜೈಲಲ್ಲೇ ಸತ್ರು, ವೇರಾ ಮರುವರ್ಷ ಹೊರಗೆ ಬಂದ್ರು.

ನಾನು ಇಷ್ಟು ವಿವರವಾಗಿ ಇದನ್ನ ಹೇಳ್ತಿರೋದು ಯಾಕಂದ್ರೆ ಈ ಇಡೀ ಅವಧಿಯಲ್ಲಿ ಊರಿನ ಹೆಸರು ಬಳಕೆ ಆಯ್ತೇ ಹೊರತು ಊರು ಮಾತಾಡಲೇ ಇಲ್ಲ. ಬ್ವಾಲೋದಲ್ಲಿ ನಿಜವಾಗಿ ನಡೆಯೋದೇ ಬೇರೆ, ಅಲ್ಲಿ ಎರಡೂ ಕಡೆ ಮನೆಯವರು ಬಂದು ಕೂರ್ತಾರೆ, ದಿನಗಟ್ಟಲೆ ಮಾತಾಡ್ತಾರೆ, ಕೋಳಿನೋ ಆಡೋ ದುಡ್ಡೋ ದಂಡ ಹಾಕ್ತಾರೆ, ಮತ್ತೆ ನಾಳೆಯಿಂದ ಅದೇ ಬೋರ್‌ವೆಲ್ ಹತ್ರ ಎರಡೂ ಮನೆಯವರು ನೀರಿಗೆ ಬರಬೇಕಲ್ಲ ಅನ್ನೋದು ಎಲ್ಲರ ತಲೆಯಲ್ಲೂ ಇರುತ್ತೆ. ಗಲ್ಲು ಆ ಪದ್ಧತಿಯಿಂದ ಬಂದಿದ್ದಲ್ಲ, ಬ್ರಿಟಿಷರ ದಂಡಸಂಹಿತೆಯಿಂದ ಬಂದಿದ್ದು. ಅದನ್ನ ಬಾಂಡಾ ಊರಿನ ಬಟ್ಟೆ ತೊಡಿಸಿ ಮುಂದುವರೆಸಿದ್ರು.

1993ರ ಜೂನ್‌ನಲ್ಲಿ ಜನಮತ ನಡೆದು ಜನ ಬಹುಪಕ್ಷ ವ್ಯವಸ್ಥೆ ಬೇಕು ಅಂದ್ರು, ಆ ಸಾಂಪ್ರದಾಯಿಕ ಕೋರ್ಟುಗಳ ಕೆಲಸನೂ ನಿಂತಿತು, 1994ರಲ್ಲಿ ಬಕಿಲಿ ಮುಲುಜಿ ಅಧ್ಯಕ್ಷರಾದ್ರು. ಕೊನೆಯ ಗಲ್ಲು ನಡೆದಿದ್ದು 1992ರಲ್ಲಿ, ಆಮೇಲೆ ಬಂದ ಒಬ್ಬ ಅಧ್ಯಕ್ಷರೂ ಗಲ್ಲಿನ ಆದೇಶಕ್ಕೆ ಸಹಿ ಹಾಕಿಲ್ಲ. ಆದ್ರೆ ಕಾನೂನು ಹಾಗೇ ಇತ್ತು, ಕೋರ್ಟುಗಳು ಶಿಕ್ಷೆ ಕೊಡ್ತಾನೇ ಇದ್ವು, ಜೊಂಬಾ ಸೆಂಟ್ರಲ್ ಜೈಲಿನ ಗಲ್ಲು ಕೈದಿಗಳ ವಿಭಾಗ ತುಂಬ್ತಾನೇ ಇತ್ತು.

ಆ ಜೈಲಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸುಮಾರು ಎಂಟುನೂರು ಜನಕ್ಕೆ ಅಂತ ಬ್ರಿಟಿಷರ ಕಾಲದಲ್ಲಿ ಕಟ್ಟಿದ್ದು, ಎರಡು ಸಾವಿರಕ್ಕೂ ಮೇಲೆ ಜನ ಅಲ್ಲಿ ಇರ್ತಾರೆ, ಊಟ ದಿನಕ್ಕೆ ಒಂದೇ ಹೊತ್ತು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಥರದ ನ್ಸಿಮಾ ಮತ್ತು ಬೇಳೆಯೋ ಕಾಳೋ. ಕ್ಷಯ, ಏಡ್ಸ್ ಇವೆಲ್ಲ ಮಾಮೂಲು. 2009ರಲ್ಲಿ ಮಸಂಗಾನೊ ಅನ್ನೋ ಕೈದಿ ಹಾಕಿದ ಕೇಸಲ್ಲಿ ಕೋರ್ಟೇ ಹೇಳ್ತು, ಈ ಪರಿಸ್ಥಿತಿ ಅಮಾನವೀಯ, ಹದಿನೆಂಟು ತಿಂಗಳಲ್ಲಿ ಜೈಲುಗಳು ಮಿತಿ ಮೀರಿ ತುಂಬಿರೋದನ್ನ ಅರ್ಧಕ್ಕೆ ಇಳಿಸಿ ಅಂತ. ಅದು ಆಗಲಿಲ್ಲ. ಗಲ್ಲು ನಿಲ್ಲಿಸಿದ್ದೀವಿ ಅಂತ ಸರ್ಕಾರ ಹೇಳ್ಕೊಂಡ್ರೂ ಇಂಥ ಜಾಗದಲ್ಲಿ ಹದಿನೈದು ವರ್ಷ ಇಡೋದು ನಿಧಾನವಾಗಿ ಕೊಲ್ಲೋದೇ, ಎಷ್ಟೋ ಜನ ಹಾಗೆ ಸತ್ರೂ ಕೂಡ.

ಕಾನೂನು ಅಲ್ಲಾಡಿದ್ದು 2007ರ ಏಪ್ರಿಲ್‌ನಲ್ಲಿ. ಫ್ರಾನ್ಸಿಸ್ ಕಫಾಂತಾಯೇನಿ ಅನ್ನೋ ತ್ಯೊಲೊ ಜಿಲ್ಲೆಯ ಮನುಷ್ಯ ಹೆಂಡತಿಯ ಎರಡು ವರ್ಷದ ಮಗುವನ್ನ ಕೊಂದಿದ್ದ, ಗಾಂಜಾ ಸೇದಿ ಬುದ್ಧಿ ಸ್ಥಿಮಿತ ಕಳ್ಕೊಂಡಿದ್ದೆ ಅಂತ ಅವನ ವಾದ, ಕೋರ್ಟು ಒಪ್ಪಲಿಲ್ಲ, ಕಡ್ಡಾಯ ಮರಣದಂಡನೆ ಆಯ್ತು. ಅವನು ಮತ್ತು ಇನ್ನೂ ಕೆಲವು ಕೈದಿಗಳು ಸೇರಿ ಕೇಸು ಹಾಕಿದ್ರು. ಓದೋಕೇ ಸಂಕಟ ಆಗೋ ಅಪರಾಧ ಇದು, ಇಂಥ ಕೇಸಿನ ಮೇಲೇನೇ ಇಷ್ಟು ದೊಡ್ಡ ತೀರ್ಪು ನಿಂತಿದೆ ಅನ್ನೋದನ್ನ ಮರೆಮಾಚಬಾರದು. ಕೋರ್ಟು ಹೇಳಿದ್ದು ಏನಂದ್ರೆ, ಮರಣದಂಡನೆ ಇರಬಹುದು, ಆದ್ರೆ ಕೊಲೆ ಅಂದ ತಕ್ಷಣ ಅದೊಂದೇ ಶಿಕ್ಷೆ ಅನ್ನೋದು ಸಂವಿಧಾನಕ್ಕೆ ವಿರುದ್ಧ, ಪ್ರತಿಯೊಬ್ಬನ ಪರಿಸ್ಥಿತಿ ನೋಡಿ ಶಿಕ್ಷೆ ಕೊಡಬೇಕು, ಇಲ್ಲಾಂದ್ರೆ ನ್ಯಾಯವಾದ ವಿಚಾರಣೆ ನಡೆದಿದೆ ಅಂತ ಹೇಳೋಕಾಗಲ್ಲ. ನಮ್ಮ ಸುಪ್ರೀಂ ಕೋರ್ಟು ಇದೇ ಥರದ ಕಡ್ಡಾಯ ಗಲ್ಲನ್ನ, ಐಪಿಸಿ 303ನೇ ಸೆಕ್ಷನ್ನನ್ನ, 1983ರ ಮಿಠ್ಠು ಕೇಸಲ್ಲೇ ತೆಗೆದುಹಾಕಿತ್ತು. 2010ರಲ್ಲಿ ಮಲಾವಿಯ ಸುಪ್ರೀಂ ಕೋರ್ಟು ಯಾಸಿನಿ ಕೇಸಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಳೇ ಕಾನೂನಿನಡಿ ಶಿಕ್ಷೆ ಆದ ಪ್ರತಿಯೊಬ್ಬರಿಗೂ ಹೊಸದಾಗಿ ಶಿಕ್ಷೆ ನಿಗದಿ ಮಾಡಿಸಿಕೊಳ್ಳೋ ಹಕ್ಕಿದೆ ಅಂತು.

ತೀರ್ಪು ಬಂತು, ಏನೂ ಆಗಲಿಲ್ಲ. ಕೈದಿಗಳಿಗೆ ಗೊತ್ತೇ ಇರಲಿಲ್ಲ, ಗೊತ್ತಿದ್ದವರಿಗೂ ಲಾಯರ್ ಇರಲಿಲ್ಲ. ಮಲಾವಿ ಮಾನವ ಹಕ್ಕು ಆಯೋಗ, ಸರ್ಕಾರಿ ಲಾಯರ್‌ಗಳ ಲೀಗಲ್ ಏಡ್, ಪ್ರಾಸಿಕ್ಯೂಷನ್ ಕಚೇರಿ, ಕೋರ್ಟುಗಳು, ಜೊತೆಗೆ ರಿಪ್ರೀವ್ ಅನ್ನೋ ಬ್ರಿಟನ್ನಿನ ಸಂಸ್ಥೆ, ಅಮೆರಿಕದ ಪ್ರೊಫೆಸರ್ ಸಾಂಡ್ರಾ ಬಾಬ್‌ಕಾಕ್ ಮತ್ತು ಅವರ ವಿದ್ಯಾರ್ಥಿಗಳು ಇವರೆಲ್ಲ ಒಟ್ಟಿಗೆ ಕೂತು ಕೆಲಸ ಶುರು ಮಾಡಿದ್ದು 2014ರ ಹೊತ್ತಿಗೆ. ಫೈಲು ತೆಗೆಯೋಕೆ ಹೋದ್ರೆ ಎಷ್ಟೋ ಕೇಸುಗಳ ಫೈಲೇ ಇಲ್ಲ! ಒಬ್ಬ ಮನುಷ್ಯನಿಗೆ ಸಾವಿನ ಶಿಕ್ಷೆ ಕೊಟ್ಟಿದ್ದಾರೆ, ಯಾಕೆ ಕೊಟ್ರು ಅನ್ನೋ ಕಾಗದ ಕಳೆದುಹೋಗಿದೆ.

ಈ ಕೆಲಸದ ಬೆನ್ನೆಲುಬು ಲಾಯರ್‌ಗಳಿಗಿಂತ ಹೆಚ್ಚಾಗಿ ಪ್ಯಾರಾಲೀಗಲ್‌ಗಳು ಅನ್ನೋದು ನನ್ನ ಅಭಿಪ್ರಾಯ. ಮಲಾವಿಯಲ್ಲಿ ಇವರದ್ದು ಹಳೇ ವ್ಯವಸ್ಥೆ, 2000ನೇ ಇಸವಿಯಲ್ಲಿ ನಾಲ್ಕು ಜೈಲುಗಳಲ್ಲಿ ಶುರುವಾಗಿದ್ದು, ಲಾ ಡಿಗ್ರಿ ಇಲ್ಲದ, ಆದ್ರೆ ತರಬೇತಿ ಪಡೆದ ಸ್ಥಳೀಯರು ಜೈಲೊಳಗೆ ಹೋಗಿ ಕೈದಿಗಳಿಗೆ ಜಾಮೀನು ಅಂದ್ರೇನು, ಕೋರ್ಟಲ್ಲಿ ಏನು ಹೇಳಬೇಕು ಅಂತ ಹೇಳ್ಕೊಡೋದು. ಈಗ ಅವರು ಊರೂರಿಗೆ ಹೊರಟ್ರು. ಕೈದಿ ಹೇಳಿದ ಊರಿನ ಹೆಸರು, ಮುಖ್ಯಸ್ಥನ ಹೆಸರು ಅಷ್ಟೇ ಗುರುತು, ಮಣ್ಣು ರಸ್ತೆ, ಮಳೆಗಾಲದಲ್ಲಿ ಅದೂ ಇಲ್ಲ, ಹೋಗಿ ಮೊದಲು ಮುಖ್ಯಸ್ಥನ ಹತ್ರ ಅನುಮತಿ ಕೇಳಿ ಕೂತು ಮಾತಾಡಿಸೋದು. ಎಷ್ಟೋ ಕಡೆ ಮನೆಯವರು ಮಗ ಯಾವಾಗಲೋ ಗಲ್ಲಿಗೇರಿ ಸತ್ತಿದ್ದಾನೆ ಅಂತ ತಿಳ್ಕೊಂಡಿದ್ರು, ಅಂಥ ಮನೆಗೆ ಹೋಗಿ ಅವನು ಬದುಕಿದ್ದಾನೆ, ಅವನ ಬಗ್ಗೆ ಹೇಳಿ ಅಂದ್ರೆ ಆ ತಾಯಿಗೆ ಹೇಗಾಗಿರಬೇಡ.

ಅಲ್ಲಿ ಸಿಕ್ಕಿದ ಸಂಗತಿಗಳು ಮೊದಲನೇ ವಿಚಾರಣೆಯಲ್ಲಿ ಒಂದೂ ಬಂದಿರದಂಥವು. ಕೆಲವರು ಕೃತ್ಯ ನಡೆದಾಗ ಇನ್ನೂ ಹುಡುಗರು, ಜನನ ಪ್ರಮಾಣಪತ್ರ ಇಲ್ಲದ ಕಾರಣ ಪೊಲೀಸರು ಬರೆದಿದ್ದೇ ವಯಸ್ಸು ಆಗಿತ್ತು, ಈಗ ಯಾವ ಬರಗಾಲದ ವರ್ಷ ಹುಟ್ಟಿದ, ಅವನ ಜೊತೆ ಹುಟ್ಟಿದವರು ಯಾರು ಅಂತ ಊರಿನ ಹಿರಿಯರನ್ನ ಕೇಳಿ ಲೆಕ್ಕ ಹಾಕಬೇಕಾಯ್ತು. ಕೆಲವರಿಗೆ ಮಾನಸಿಕ ಕಾಯಿಲೆ ಇತ್ತು, ಊರಿಗೆಲ್ಲಾ ಗೊತ್ತಿತ್ತು, ಕೋರ್ಟಿಗೆ ಗೊತ್ತಿರಲಿಲ್ಲ. ಕೆಲವರಿಗೆ ತಲೆಗೆ ಪೆಟ್ಟು ಬಿದ್ದಿತ್ತು, ಮಲೇರಿಯಾ ಜ್ವರ ಮೆದುಳಿಗೇರಿ ಬದುಕಿ ಉಳಿದವರಿದ್ರು. ಕುಡಿದ ಜಗಳ, ಆತ್ಮರಕ್ಷಣೆ, ಕಳ್ಳತನಕ್ಕೆ ಹೋದ ಗುಂಪಲ್ಲಿ ಬರೀ ಕಾವಲು ನಿಂತಿದ್ದವನು, ಯೋಜನೆ ಮಾಡಿ ಕೊಂದವನು ಎಲ್ಲರಿಗೂ ಅದೇ ಒಂದು ಶಿಕ್ಷೆ ಆಗಿತ್ತು.

ಒಬ್ಬರ ಕಥೆ ಆ ದಿನಗಳಲ್ಲಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹೆಸರು ಬೇಡ, ಈಗ ಅವರು ತಮ್ಮ ಪಾಡಿಗೆ ಇರೋ ಮನುಷ್ಯ. ದಕ್ಷಿಣ ಆಫ್ರಿಕಾದಲ್ಲಿ ದುಡಿದು ಬಂದ ಹಣದಲ್ಲಿ ಊರಲ್ಲಿ ಹೊಲ ತಗೊಂಡು ಕೆಲಸದವರನ್ನ ಇಟ್ಕೊಂಡಿದ್ರು. ಅವರೇ ಹೇಳೋ ಪ್ರಕಾರ ಆ ಕೆಲಸದವರಲ್ಲಿ ಒಬ್ಬನ ಮೇಲೆ ನೆರೆಯವರು ಹಲ್ಲೆ ಮಾಡಿದ್ರು, ನಡೆಯೋಕೂ ಆಗದ ಅವನನ್ನ ಇವರು ಹಿಡ್ಕೊಂಡು ಹೋಗುವಾಗ ಮಳೆಯಲ್ಲಿ ಜಾರಿ ಇಬ್ಬರೂ ಬಿದ್ರು, ಅವನು ಆಸ್ಪತ್ರೆಯಲ್ಲಿ ಸತ್ತ, ನೆರೆಯವರು ಇವರ ವಿರುದ್ಧ ಸಾಕ್ಷಿ ಹೇಳಿದ್ರು. 1992ರಲ್ಲಿ ಗಲ್ಲು ಶಿಕ್ಷೆ. ಆಗ ಮಲಾವಿಗೆ ಸ್ವಂತ ಗಲ್ಲುಗಾರ ಇರಲಿಲ್ಲ, ದಕ್ಷಿಣ ಆಫ್ರಿಕಾದಿಂದ ಒಬ್ಬ ಬಂದು ಹೋಗ್ತಿದ್ದ. ಇವರ ಹೆಸರು ಪಟ್ಟಿಯಲ್ಲಿ ಬಂತು, ಆದ್ರೆ ಇವರ ಸರದಿ ಬರೋಷ್ಟರಲ್ಲಿ ಇವತ್ತಿಗೆ ಸಾಕು, ಉಳಿದವರನ್ನ ಮುಂದಿನ ಸಲ ನೋಡ್ತೀನಿ ಅಂತ ಅವನು ಕೆಲಸ ನಿಲ್ಲಿಸಿದ. ಹೀಗೆ ಒಂದು ಸಲ ಅಲ್ಲ, ಮೂರು ಸಲ. ಜೈಲಲ್ಲಿ ಸಾಯೋ ಪ್ರಯತ್ನನೂ ಮಾಡಿದ್ರು. ಇಪ್ಪತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಮರು ವಿಚಾರಣೆಯಲ್ಲಿ ಜಡ್ಜ್ ನೀವಿನ್ನು ಹೋಗಬಹುದು ಅಂದಾಗ ಅವರಿಗೆ ಎದ್ದು ನಿಲ್ಲೋಕೇ ಆಗಲಿಲ್ಲವಂತೆ. ಬಿಡುಗಡೆ ಆದವರು ಊರಿಗೆ ಹೋಗೋ ಮುಂಚೆ ಇರೋಕೆ ಅಂತ ಬಲಾಕಾ ಪಟ್ಟಣದಲ್ಲಿ ಒಂದು ಮನೆ ನಡೆಸ್ತಾರೆ, ಆಮೇಲೆ ಅವರು ಅಲ್ಲಿ ಹೊಸದಾಗಿ ಹೊರಬಂದವರಿಗೆ ಸಹಾಯ ಮಾಡ್ತಾ ಇದ್ರು.

ಒಟ್ಟು ಲೆಕ್ಕ ನೋಡಿದ್ರೆ ನೂರೈವತ್ತಕ್ಕೂ ಹೆಚ್ಚು ಕೈದಿಗಳ ಮರು ವಿಚಾರಣೆ ಮುಗೀತು, ಅವರಲ್ಲಿ ನೂರಮೂವತ್ತಕ್ಕೂ ಹೆಚ್ಚು ಜನ ಆಗಲೇ ಅನುಭವಿಸಿದ್ದು ಸಾಕು ಅಂತ ಬಿಡುಗಡೆ ಆದ್ರು, ಉಳಿದವರಿಗೆ ಜೈಲು ಶಿಕ್ಷೆ. ಮತ್ತೆ ಮರಣದಂಡನೆ ಆಗಿದ್ದು ಒಬ್ಬರಿಗೂ ಇಲ್ಲ. ಇದರಲ್ಲಿ ಒಂದನ್ನ ಗಮನಿಸಿ, ಕೊಡೋ ಅಧಿಕಾರ ಜಡ್ಜ್‌ಗಳಿಗೆ ಇತ್ತು, ಕಾನೂನಲ್ಲಿ ಗಲ್ಲು ಇನ್ನೂ ಇದೆ. ಪೂರ್ತಿ ಕಥೆ ಮುಂದೆ ಬಂದಾಗ ಯಾವ ಜಡ್ಜ್‌ಗೂ ಕೊಡಬೇಕು ಅನ್ನಿಸಲಿಲ್ಲ.

ಆಮೇಲೆ ಈ ಯೋಜನೆಯವರು ಇನ್ನೊಂದು ಕೆಲಸ ಮಾಡಿದ್ರು. ಕೈದಿಗಳು ವಾಪಸ್ ಹೋದ ಊರುಗಳ 102 ಮುಖ್ಯಸ್ಥರನ್ನ ಭೇಟಿ ಮಾಡಿ ಮರಣದಂಡನೆ ಬಗ್ಗೆ ಕೇಳಿದ್ರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನ ಬೇಡ ಅಂದ್ರು! ಬಾಂಡಾ ಕಾಲದಿಂದ "ಹಳ್ಳಿಯವರ ಇಚ್ಛೆ" ಅಂತ ಹೇಳ್ಕೊಂಡು ಬಂದಿದ್ದಕ್ಕೆ ಹಳ್ಳಿಯ ಮುಖ್ಯಸ್ಥರೇ ಕೊಟ್ಟ ಉತ್ತರ ಇದು. ನನಗೆ ಇದರಲ್ಲಿ ಆಶ್ಚರ್ಯ ಕಾಣಲ್ಲ. ನಗರದಲ್ಲಿ ಕೂತು ಪೇಪರ್ ಓದೋರಿಗೆ ಕೊಲೆಗಾರ ಅಂದ್ರೆ ಒಂದು ಹೆಸರು, ಊರಿನವರಿಗೆ ಅವನು ಇಂಥವಳ ಮಗ, ಇಂಥವರ ಸೋದರಳಿಯ, ಸತ್ತವನೂ ಅಷ್ಟೇ ಪರಿಚಯದವನು, ಇಬ್ಬರ ಮನೆಯ ಮಕ್ಕಳೂ ಒಂದೇ ಶಾಲೆಗೆ ಹೋಗ್ತಾರೆ. ದುಡಿಯೋ ಕೈ ಒಂದು ಹೋಗಿ ಆಗಿದೆ, ಇನ್ನೊಂದು ಹೋದ್ರೆ ಎರಡು ಮನೆ ಹಸಿವಿಗೆ ಬೀಳುತ್ತೆ ಅನ್ನೋದು ಅಲ್ಲಿ ತತ್ವದ ಮಾತಲ್ಲ, ಮುಂದಿನ ಬೆಳೆಯ ಲೆಕ್ಕ.

ಆದ್ರೆ ಊರನ್ನ ಹೊಗಳಿ ಇಲ್ಲಿಗೇ ನಿಲ್ಲಿಸೋಕೆ ನನಗೆ ಮನಸ್ಸು ಒಪ್ಪಲ್ಲ. ಇದೇ ಹಳ್ಳಿಗಳಲ್ಲಿ ವಯಸ್ಸಾದ ಹೆಂಗಸರನ್ನ, ಗಂಡಸರನ್ನ ಮಾಟ ಮಾಡ್ತಾರೆ ಅಂತ ಗುಂಪು ಸೇರಿ ಹೊಡೆದು ಕೊಂದಿರೋದು ಇದೆ, ಈಗಲೂ ನಡೀತಿದೆ. ಮಾಟಗಾತಿ ಅಂತ ಯಾರನ್ನಾದ್ರೂ ಕರೆಯೋದೇ ಅಪರಾಧ ಅಂತ 1911ರ ಕಾನೂನು ಅಲ್ಲಿದೆ, ಅದನ್ನ ಯಾರು ಕೇಳ್ತಾರೆ. ಇನ್ನೂ ಘೋರವಾದದ್ದು ಆಲ್ಬಿನಿಸಂ ಇರೋರ ಕೊಲೆಗಳು. ಚರ್ಮದಲ್ಲಿ ಬಣ್ಣ ಇಲ್ಲದೇ ಹುಟ್ಟಿದವರ ಮೂಳೆಯಿಂದ ಹಣ ಬರುತ್ತೆ ಅನ್ನೋ ನಂಬಿಕೆಯಲ್ಲಿ 2014ರ ಕೊನೆಯಿಂದ ಮಲಾವಿಯಲ್ಲಿ ಅಪಹರಣ, ಕೊಲೆ, ಗೋರಿ ಅಗೆಯೋದು ಎಲ್ಲಾ ನಡೀತು, ಮಕ್ಕಳನ್ನೂ ಬಿಡಲಿಲ್ಲ. ಮಚಿಂಗಾ ಜಿಲ್ಲೆಯ 22 ವರ್ಷದ ಒಬ್ಬ ಯುವಕ 2018ರ ಮಾರ್ಚ್‌ನಲ್ಲಿ ಕಾಣೆಯಾದ, ಏಪ್ರಿಲ್ ಹೊತ್ತಿಗೆ ಕೈಕಾಲು ಕಡಿದ ಶವ ಸಿಕ್ತು. ನಾಲ್ಕು ವರ್ಷ ನಡೆದ ಆ ಕೇಸಲ್ಲಿ 2022ರಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಡೊರೊಥಿ ಕಮಂಗಾ ಹನ್ನೆರಡು ಜನರನ್ನ ತಪ್ಪಿತಸ್ಥರು ಅಂದ್ರು, ಅವರಲ್ಲಿ ಒಬ್ಬ ಕ್ಯಾಥೊಲಿಕ್ ಪಾದ್ರಿ, ಒಬ್ಬ ಪೊಲೀಸ್, ಒಬ್ಬ ಆಸ್ಪತ್ರೆ ಕೆಲಸದವನು, ಮತ್ತು ಸತ್ತವನ ಸ್ವಂತ ಅಣ್ಣ. ಐದು ಜನಕ್ಕೆ ಜೀವಾವಧಿ ಆಯ್ತು.

ಈ ಕೊಲೆಗಳ ವಿರುದ್ಧ ದೇಶದಲ್ಲಿ ಎದ್ದ ಸಿಟ್ಟು ನಿಜವಾದದ್ದು, ಅವರಿಗೆ ಗಲ್ಲಾಗಲಿ ಅಂತ ಬೀದಿಗೆ ಬಂದವರಲ್ಲಿ ಆಲ್ಬಿನಿಸಂ ಇರೋರೂ, ಅವರ ತಾಯಂದಿರೂ ಇದ್ರು. 2019ರಲ್ಲಿ ಇಂಥ ಕೇಸುಗಳಲ್ಲಿ ಕೋರ್ಟುಗಳು ಮರಣದಂಡನೆ ಕೊಟ್ಟಿದ್ದೂ ಇದೆ. ಮಗುವನ್ನ ಮಲಗಿಸಿ ಬಾಗಿಲು ಕಾಯ್ಕೊಂಡು ಕೂರೋ ತಾಯಿಗೆ ಗಲ್ಲು ಬೇಡ ಅಂತ ಉಪದೇಶ ಮಾಡೋ ಅರ್ಹತೆ ನನಗಿಲ್ಲ. ಆದ್ರೆ ಒಂದು ಮಾತು ಕೇಳಬೇಕು ಅನ್ಸುತ್ತೆ, ಆಕೆಯ ಮನೆ ಹತ್ರ ಗಸ್ತು ಬರೋ ಪೊಲೀಸ್ ಇದ್ದಾನಾ, ಮೂಳೆ ಕೊಳ್ಳೋ ಶ್ರೀಮಂತ ಯಾರು ಅಂತ ತನಿಖೆ ಯಾವತ್ತಾದ್ರೂ ಅವನವರೆಗೆ ಹೋಗಿದೆಯಾ? ಬಹುತೇಕ ಕೇಸಲ್ಲಿ ಕಡಿದವನು ಸಿಕ್ತಾನೆ, ಕೊಂಡವನು ಸಿಗಲ್ಲ. ಕಡಿದವನನ್ನ ಗಲ್ಲಿಗೆ ಹಾಕಿದ ದಿನ ಕೊಂಡವನ ಹೆಸರು ಹೇಳಬಲ್ಲ ಒಬ್ಬನೇ ಸಾಕ್ಷಿನೂ ಮುಗೀತಾನೆ.

ಹಾಗಾಗಿ ಊರಿನ ಮಾತು ಅಂದ್ರೆ ಗುಂಪಿನ ಕೂಗು ಅಂತ ತಗೋಬಾರದು, ಎರಡೂ ಒಂದೇ ಊರಿಂದ ಬರಬಹುದು. 2015ರ ವಿಚಾರಣೆಗಳಲ್ಲಿ ನನಗೆ ದೊಡ್ಡದಾಗಿ ಕಾಣೋದು ಇದೇ, ಅಲ್ಲಿ ಊರಿನ ಮಾತು ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಾಗಿ ಬಂತು, ಹೇಳಿದವರ ಹೆಸರು ಇತ್ತು, ಸರ್ಕಾರದ ಕಡೆ ಲಾಯರ್ ಅದನ್ನ ಪ್ರಶ್ನೆ ಮಾಡಬಹುದಿತ್ತು, ಜಡ್ಜ್ ತೂಗಿ ನೋಡಬಹುದಿತ್ತು. ಚಿಲೊಬ್ವೆ ಆದ ಮೇಲೆ ಪಾರ್ಲಿಮೆಂಟಲ್ಲಿ ಎದ್ದ ಮಾತಿಗೆ ಈ ಯಾವುದೂ ಇರಲಿಲ್ಲ. ಕೊರತೆನೂ ಇದೆ, ಸತ್ತವರ ಮನೆಯವರ ಮಾತಿಗೆ ಈ ಪ್ರಕ್ರಿಯೆಯಲ್ಲಿ ಇನ್ನೂ ಹೆಚ್ಚು ಜಾಗ ಬೇಕಿತ್ತು, ಕೈದಿಯ ಊರಿಗೆ ಹೋದಷ್ಟೇ ಶ್ರದ್ಧೆಯಿಂದ ಅವರ ಮನೆಗೂ ಹೋಗಿ, ನಿಮಗೆ ಏನಾಗಬೇಕು, ಹೊಲ ಯಾರು ಮಾಡ್ತಿದ್ದಾರೆ, ಮಕ್ಕಳು ಶಾಲೆಗೆ ಹೋಗ್ತಿದ್ದಾರಾ ಅಂತ ಕೇಳಿ ಅದನ್ನೂ ಕೋರ್ಟಿನ ಮುಂದೆ ಇಡಬೇಕು.

ಈಗಿನ ಸ್ಥಿತಿ ಗೊಂದಲದ್ದು. 2021ರ ಏಪ್ರಿಲ್‌ನಲ್ಲಿ ಖೋವಿವಾ ಅನ್ನೋ ಕೈದಿಯ ಅಪೀಲಲ್ಲಿ ಸುಪ್ರೀಂ ಕೋರ್ಟು ಮರಣದಂಡನೆಯನ್ನೇ ರದ್ದು ಮಾಡ್ತು ಅಂತ ಜಗತ್ತೆಲ್ಲ ಸುದ್ದಿ ಆಯ್ತು, ತೀರ್ಪು ಬರೆದಿದ್ದು ನ್ಯಾಯಮೂರ್ತಿ ಡನ್‌ಸ್ಟನ್ ಮ್ವಾಉಂಗುಲು. ಅದೇ ವರ್ಷ ಆಗಸ್ಟಲ್ಲಿ ಪೀಠದ ಉಳಿದ ಜಡ್ಜ್‌ಗಳು, ಅದು ಅವರ ಸ್ವಂತ ಅಭಿಪ್ರಾಯ, ನಾವು ಒಪ್ಪಿದ್ದು ಮರು ವಿಚಾರಣೆಯ ಹಕ್ಕನ್ನ ಮಾತ್ರ ಅಂತ ಸ್ಪಷ್ಟ ಮಾಡಿದ್ರು. ಅಂದ್ರೆ ಗಲ್ಲು ಪುಸ್ತಕದಲ್ಲಿ ಉಳೀತು. ಪಕ್ಕದ ಜಾಂಬಿಯಾ 2022ರ ಡಿಸೆಂಬರ್‌ನಲ್ಲಿ ತೆಗೆದುಹಾಕ್ತು, ಜಿಂಬಾಬ್ವೆ 2024ರ ಕೊನೆಯ ದಿನ ತೆಗೆದುಹಾಕ್ತು, ಘಾನಾ ಪಾರ್ಲಿಮೆಂಟು 2023ರಲ್ಲಿ ವೋಟು ಹಾಕ್ತು. ಕೀನ್ಯಾದಲ್ಲಿ ಕೊಲೆಗೆ ಕಡ್ಡಾಯ ಗಲ್ಲು 2017ರ ಮುರುವಾತೆತು ತೀರ್ಪಿನಿಂದ ಹೋಗಿದೆ. ಮಲಾವಿ ಮಾತ್ರ ಈ ದಾರಿಯನ್ನ ಎಲ್ಲರಿಗಿಂತ ಚೆನ್ನಾಗಿ ನಡೆದು ತೋರಿಸಿಯೂ ಬಾಗಿಲಲ್ಲೇ ನಿಂತಿದೆ.

ನಮಗೂ ಇದರಲ್ಲಿ ನೋಡೋ ವಿಷಯ ಇದೆ. ನಮ್ಮ ಸುಪ್ರೀಂ ಕೋರ್ಟು 2022ರ ಮೇನಲ್ಲಿ ಮನೋಜ್ ಕೇಸಲ್ಲಿ ಹೇಳಿದ್ದು ಸುಮಾರು ಇದೇ, ಮರಣದಂಡನೆ ಕೊಡೋ ಮುಂಚೆ ಆರೋಪಿಯ ಬಾಲ್ಯ, ಕುಟುಂಬ, ಮಾನಸಿಕ ಸ್ಥಿತಿ, ಜೈಲಿನ ನಡವಳಿಕೆ ಇವನ್ನೆಲ್ಲ ವಿಚಾರಣಾ ಕೋರ್ಟೇ ತರಿಸ್ಕೋಬೇಕು ಅಂತ. ಆದೇಶ ಇದೆ, ಆದ್ರೆ ಊರಿಗೆ ಹೋಗಿ ಕೂತು ಕೇಳೋ ಜನ ಎಷ್ಟಿದ್ದಾರೆ? ಮಲಾವಿಯಂಥ ಬಡ ದೇಶ ಪ್ಯಾರಾಲೀಗಲ್‌ಗಳನ್ನ ಇಟ್ಕೊಂಡು ಮಾಡಿದ ಕೆಲಸಕ್ಕೆ ಇಲ್ಲಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳು ಮನಸ್ಸು ಮಾಡಿದ್ರೆ ಜನ ಸಿಗಲ್ಲ ಅಂತೇನೂ ಇಲ್ಲ.

ಮಲಾವಿಯಲ್ಲಿ ಉಳಿದಿರೋ ಕೆಲಸ ಇನ್ನೂ ಕಷ್ಟದ್ದು, ಯಾಕಂದ್ರೆ ಮರು ವಿಚಾರಣೆ ಯೋಜನೆಗೆ ಹೊರಗಿನ ದುಡ್ಡು ಬಂತು, ವಿದೇಶಿ ಲಾಯರ್‌ಗಳು ಬಂದ್ರು, ಪತ್ರಿಕೆಯವರು ಬಂದ್ರು. ಇವತ್ತು ಮಾಂಗೊಚಿಯಲ್ಲೋ ಎನ್‌ಚಿಸಿಯಲ್ಲೋ ಕೊಲೆ ಆರೋಪದ ಮೇಲೆ ಅರೆಸ್ಟ್ ಆಗೋ ಹುಡುಗನ ಕೇಸಿಗೆ ಅದ್ಯಾವುದೂ ಬರಲ್ಲ. ಅವನ ವಿಚಾರಣೆಗೆ ಮುಂಚೆ ಒಬ್ಬ ಪ್ಯಾರಾಲೀಗಲ್ ಅವನ ತಾಯಿ ಊರಿಗೂ, ಸತ್ತವನ ಮನೆಗೂ ಹೋಗಿ ಬರೋಕೆ ಬೇಕಾದ ಪೆಟ್ರೋಲ್ ಖರ್ಚು, ಹೇಳಿಕೆ ಬರೆದುಕೊಳ್ಳೋ ಸಮಯ, ಲಾಯರ್ ಅದನ್ನ ಓದೋಕೆ ಒಂದು ವಾರ, ಇಷ್ಟನ್ನ ಸರ್ಕಾರ ಪ್ರತಿ ವರ್ಷದ ಬಜೆಟ್ಟಿನಲ್ಲಿ ಲೀಗಲ್ ಏಡ್‌ಗೆ ಅಂತ ಎತ್ತಿಡಬೇಕು, ಅದು ದೊಡ್ಡ ಮೊತ್ತ ಅಲ್ಲ. ಜೊಂಬಾದಲ್ಲಿ ಒಬ್ಬನನ್ನ ಇಪ್ಪತ್ತು ವರ್ಷ ಇಟ್ಟು ಆಮೇಲೆ ಅವನ ಊರು ಹುಡುಕೋಕೆ ಹೋಗೋದಕ್ಕಿಂತ ಖಂಡಿತ ಕಮ್ಮಿ.